ದ್ವಾರಪಾಲಕನ ಕೈಯಲ್ಲಿ ಭಂಡಾರದ ಬೀಗದ ಕೈ

ಲಿನಕ್ಸ್ ಯಂತ್ರದ ಮೇಲೆ ಮೊದಲ ಬಾರಿಗೆ ಒಂದು ಪ್ರಾಕ್ಸಿ ಸರ್ವರನ್ನು ಸ್ಥಾಪಿಸಲು ಹೊರಟ ತರುಣನಿಗೆ ಬಹುಮಟ್ಟಿಗೆ ತಪ್ಪದೆ ಒದಗುವ ಅನುಭವವೊಂದುಂಟು. ಪ್ರೋಗ್ರಾಮಿಗೆ ಬೇಕಾದ ಸೂಚನೆಗಳನ್ನೆಲ್ಲ ಶ್ರದ್ಧೆಯಿಂದ ಬರೆದು, ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ನೋಡಿ, 80ನೆಯ ಪೋರ್ಟಿನಲ್ಲಿ ಕುಳಿತು ಜನರ ಕೋರಿಕೆಗಳಿಗೆ ಕಿವಿಗೊಡುವಂತೆ ಅದಕ್ಕೆ ಆಜ್ಞೆಯಿತ್ತಾಗ, ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂಬ ಎರಡು ಮಾತುಗಳು ಮೂಡುತ್ತವೆ. ತಾನು ಬರೆದುದನ್ನು ಆತ ಮತ್ತೆ ಪರೀಕ್ಷಿಸುತ್ತಾನೆ, ದೋಷವೊಂದೂ ಕಾಣದು. ಕಡೆಗೆ, ಯಂತ್ರದ ಸರ್ವಾಧಿಕಾರಿಯಾದ ‘ರೂಟ್’ ಎಂಬ ಬಳಕೆದಾರನ ಹೆಸರಿನಲ್ಲಿ ಅದೇ ಆಜ್ಞೆಯನ್ನು ಕೊಟ್ಟೊಡನೆ ಪ್ರೋಗ್ರಾಮು ಸರಾಗವಾಗಿ ಓಡತೊಡಗುತ್ತದೆ. ಆತ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಅಂದಿನಿಂದ ಆ ಪ್ರಾಕ್ಸಿಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದೇ ಹೆಸರಿನಲ್ಲಿ ನಡೆಯುತ್ತಿರುತ್ತದೆ; ಕೆಲಸವು ಕೆಡದೆ ಸಾಗಿರುವುದರಿಂದ ಯಾರೊಬ್ಬರೂ ಅದರ ಕಡೆ ತಿರುಗಿ ನೋಡುವುದಿಲ್ಲ.

ಹೊರನೋಟಕ್ಕೆ ಇದೊಂದು ಅಲ್ಪ ವಿಷಯ. ಆದರೆ ಕ್ಷಣಮಾತ್ರದ ಕಾರ್ಯವೊಂದಕ್ಕಾಗಿ ಕೊಟ್ಟ ಅಧಿಕಾರವನ್ನು ಆ ಕ್ಷಣವು ಕಳೆದ ಮೇಲೂ ಹಿಂದಕ್ಕೆ ಪಡೆಯದೆ ಬಿಡುವುದು, ಅದರಲ್ಲಿಯೂ ಜಗತ್ತಿನ ಅಪರಿಚಿತರೆಲ್ಲರೊಡನೆ ಹಗಲೂ ಇರುಳೂ ವ್ಯವಹರಿಸಬೇಕಾದವನ ಕೈಯಲ್ಲಿ ಅದನ್ನು ಉಳಿಸುವುದು ಎಷ್ಟು ದೊಡ್ಡ ಅವಿವೇಕವೆಂಬುದನ್ನು ಕಳೆದ ಐವತ್ತು ವರ್ಷಗಳ ಗಣಕಯಂತ್ರದ ಚರಿತ್ರೆಯು ಮತ್ತೆ ಮತ್ತೆ ತೋರಿಸಿಕೊಟ್ಟಿದೆ. ಈ ವಿದ್ಯೆಯನ್ನು ಕಸುಬಾಗಿ ಕೈಕೊಂಡವರು ಮಾತ್ರವಲ್ಲದೆ, ತಮ್ಮ ಹಣದ ಲೆಕ್ಕವನ್ನೂ ಮನೆಯ ಮಾತನ್ನೂ ಈ ಯಂತ್ರಗಳ ಮೂಲಕ ಕಳುಹಿಸುವ ಸಾಮಾನ್ಯ ಜನರೂ ಇದರ ಮರ್ಮವನ್ನು ತಿಳಿದಿರುವುದು ಉಚಿತವೆಂದು ನಾನು ಬಲವಾಗಿ ನಂಬಿದ್ದೇನೆ.

ಪ್ರಾಕ್ಸಿ ಎಂದರೆ ಪ್ರತಿನಿಧಿ. ಇಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸುವ ಮಧ್ಯಸ್ಥ. ಒಂದು ಕಾಲೇಜಿನಲ್ಲಿಯೋ ಕಚೇರಿಯಲ್ಲಿಯೋ ನೂರಾರು ಗಣಕಗಳಿದ್ದು, ಅವುಗಳೆಲ್ಲದರ ಪರವಾಗಿ ಒಂದೇ ಯಂತ್ರವು ಹೊರಗಿನ ಜಾಲತಾಣಗಳೊಡನೆ ಮಾತನಾಡಿದರೆ ಅದು ಒಂದು ಬಗೆಯ ಪ್ರಾಕ್ಸಿ. ವಿಶ್ವವ್ಯಾಪಿ ಜಾಲದ ಬಾಲ್ಯದಲ್ಲಿ, 1994ರಲ್ಲಿ, ಆರಿ ಲುವೊಟೊನೆನ್ ಮತ್ತು ಕೆವಿನ್ ಆಲ್ಟಿಸ್ ಎಂಬವರು ಇಂಥ ಮಧ್ಯಸ್ಥನ ಪ್ರಯೋಜನವನ್ನು ಕುರಿತು ಪ್ರಬಂಧವೊಂದನ್ನು ಬರೆದರು. ಎರಡು ವರ್ಷಗಳ ತರುವಾಯ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯ ಗರ್ಭದಿಂದ ‘ಸ್ಕ್ವಿಡ್’ ಎಂಬ ಪ್ರೋಗ್ರಾಮು ಹೊರಬಂದಿತು. ಒಬ್ಬರು ತರಿಸಿಕೊಂಡ ಪುಟವನ್ನು ತನ್ನಲ್ಲಿ ಕಾಪಿಟ್ಟುಕೊಂಡು ಮುಂದೆ ಕೇಳುವವರಿಗೆ ಒಡನೆಯೇ ಒದಗಿಸುವ ಇದು, ಸಂಪರ್ಕವು ದುಬಾರಿಯೂ ಮಂದಗತಿಯದೂ ಆಗಿದ್ದ ದಿನಗಳಲ್ಲಿ ಅನೇಕ ವಿದ್ಯಾಸಂಸ್ಥೆಗಳಿಗೆ ಮಹೋಪಕಾರ ಮಾಡಿದೆ. ಇದಕ್ಕೆ ವಿಪರೀತ ದಿಕ್ಕಿನಲ್ಲಿ ನಿಲ್ಲುವ ಮತ್ತೊಂದು ಬಗೆಯುಂಟು. ಜಾಲತಾಣವೊಂದರ ಮುಂಬಾಗಿಲಿನಲ್ಲಿ ನಿಂತು, ಹೊರಲೋಕದಿಂದ ಬರುವ ಕೋರಿಕೆಗಳನ್ನು ತಾನೇ ಮೊದಲು ಸ್ವೀಕರಿಸಿ, ಒಳಗಿನ ಯಂತ್ರಗಳಿಗೆ ಹಂಚಿಕೊಡುವ ಈ ಬಗೆಗೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ರಷ್ಯದ ಇಗೋರ್ ಸೈಸೋಯೆವ್ 2004ರಲ್ಲಿ ಲೋಕಕ್ಕೆ ಬಿಡುಗಡೆ ಮಾಡಿದ ‘ಎಂಜಿನ್-ಎಕ್ಸ್’, ಫ್ರಾನ್ಸಿನ ವಿಲ್ಲಿ ತಾರೋ ರಚಿಸಿದ ‘ಎಚ್‌ಎ-ಪ್ರಾಕ್ಸಿ’ ಈ ವರ್ಗದಲ್ಲಿ ಪ್ರಸಿದ್ಧವಾದವು.

ನಮ್ಮ ದೇವಾಲಯಗಳಲ್ಲಿ ಗರ್ಭಗೃಹದ ಬಾಗಿಲಿನ ಎರಡು ಪಕ್ಕಗಳಲ್ಲಿ ನಿಂತಿರುವ ದ್ವಾರಪಾಲಕರನ್ನು ಕಾಣದವರಿಲ್ಲ. ಅವರ ಸ್ಥಾನವು ಎಂದೆಂದಿಗೂ ಬಾಗಿಲಿನ ಹೊರಗೇ. ಬಂದವರನ್ನು ಎದುರುಗೊಳ್ಳುವುದು ಅವರ ಕಾರ್ಯವೇ ಹೊರತು ಒಳಗಿನ ಆಭರಣದ ಪೆಟ್ಟಿಗೆಯನ್ನು ತೆರೆಯುವುದಲ್ಲ. ರಿವರ್ಸ್ ಪ್ರಾಕ್ಸಿಯ ಸ್ಥಾನವೂ ಸಾಕ್ಷಾತ್ ಅದೇ. ಅದರ ಮುಂದೆ ಬರತಕ್ಕವರಲ್ಲಿ ಸಜ್ಜನರೆಷ್ಟು ಮಂದಿ, ದುರ್ಜನರೆಷ್ಟು ಮಂದಿ ಎಂಬುದು ಅದಕ್ಕೆ ತಿಳಿಯದು. ಬಂದ ಪ್ರತಿಯೊಂದು ಅಕ್ಷರವನ್ನೂ ಅದು ಓದಿ, ಬಿಡಿಸಿ, ಅರ್ಥಮಾಡಿಕೊಳ್ಳಲೇಬೇಕು. ಮೋಸಗಾರನು ಬೇಕೆಂದೇ ವಕ್ರವಾಗಿ ಕಟ್ಟಿ ಕಳುಹಿಸಿದ ಸಂದೇಶವನ್ನಾದರೂ ಓದಿಯೇ ಅದನ್ನು ತಿರಸ್ಕರಿಸಬೇಕು. ಅಪಾಯವು ಅಡಗಿರುವುದು ಈ ಓದುವ ಕ್ರಿಯೆಯಲ್ಲಿಯೇ.

ಇನ್ನು ಈ ರೂಟ್ ಯಾರು? 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರ ಕೈಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯು ಬಳಕೆದಾರರಿಗೆಲ್ಲ ಒಂದೊಂದು ಸಂಖ್ಯೆಯನ್ನು ಕೊಟ್ಟು ಗುರುತಿಸುವ ಪದ್ಧತಿಯನ್ನು ತಂದಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದೇ ಸಂಪ್ರದಾಯವನ್ನು ಸ್ವೀಕರಿಸಿತು. ಆ ಸಂಖ್ಯೆಗಳಲ್ಲಿ ಸೊನ್ನೆಯು ರೂಟ್‌ನದು. ಕರ್ನಲ್ ಎಂಬ ಹೃದಯಭಾಗವು ಲೆಕ್ಕಿಸುವುದು ಹೆಸರನ್ನಲ್ಲ, ಈ ಸೊನ್ನೆಯನ್ನು. ಅನ್ಯರ ವಿಷಯದಲ್ಲಿ ‘ಈ ಕಡತವನ್ನು ಓದಲು ಇವನಿಗೆ ಹಕ್ಕುಂಟೆ? ಓಡುತ್ತಿರುವ ಪ್ರೋಗ್ರಾಮಾದ ಈ ಪ್ರೋಸೆಸ್ಸನ್ನು ನಿಲ್ಲಿಸಲು ಇವನು ಅರ್ಹನೆ?’ ಎಂದು ಪ್ರತಿ ಸಾರಿಯೂ ವಿಚಾರಿಸುವ ಕರ್ನಲ್, ಕೇಳುವವನು ಸೊನ್ನೆಯಾಗಿದ್ದರೆ ಸಾಮಾನ್ಯವಾಗಿ ವಿಚಾರಣೆಯಿಲ್ಲದೆ ದಾರಿ ಬಿಡುತ್ತದೆ. ಎಲ್ಲರ ಕಡತಗಳನ್ನೂ ಓದುವುದು, ತಿದ್ದುವುದು, ಅಳಿಸುವುದು, ಬಳಕೆದಾರರನ್ನು ಸೃಷ್ಟಿಸುವುದು, ನಡೆದುದರ ದಾಖಲೆಯಾದ ಲಾಗನ್ನು ಒರೆಸಿಹಾಕುವುದು, ಕರ್ನಲ್‌ನ ಒಳಗೇ ಹೊಸ ಭಾಗಗಳನ್ನು ಸೇರಿಸುವುದು, ಇವೆಲ್ಲವೂ ರೂಟ್‌ಗೆ ಸಾಧ್ಯ. ಯಂತ್ರವನ್ನು ನಿರ್ವಹಿಸುವ ಮನುಷ್ಯನಿಗೆ ಇಂಥ ಅಧಿಕಾರವು ಆಗಾಗ್ಗೆ ಅವಶ್ಯ. ಬಾಗಿಲಿನಲ್ಲಿ ನಿಂತ ಪ್ರೋಗ್ರಾಮಿಗೆ ಅದೇಕೆ ಬೇಕು ಎಂಬುದೇ ನಮ್ಮ ಪ್ರಶ್ನೆ.

ಉತ್ತರವು ಒಂದು ಹಳೆಯ ಕಾಲದ ನಂಬಿಕೆಯಲ್ಲಿದೆ. ಜಾಲಕ್ಕೆ ಸೇರಿದ ಯಂತ್ರದಲ್ಲಿ ಪೋರ್ಟ್ ಎಂಬ ಸಂಖ್ಯಾಂಕಿತ ದ್ವಾರಗಳು 65,535ರ ವರೆಗೆ ಇರುತ್ತವೆ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೆಳೆದ ಯೂನಿಕ್ಸ್ ಶಾಖೆಯು, ಇವುಗಳಲ್ಲಿ 1024ಕ್ಕಿಂತ ಕೆಳಗಿನವನ್ನು ರೂಟ್ ಮಾತ್ರ ತೆರೆಯಬಹುದೆಂದು ನಿಯಮ ಮಾಡಿತು. ಯಂತ್ರಗಳು ವಿರಳವಾಗಿ, ಒಂದೊಂದು ಯಂತ್ರಕ್ಕೂ ಪರಿಚಿತನಾದ ನಿರ್ವಾಹಕನೊಬ್ಬನಿದ್ದ ಆ ಕಾಲದಲ್ಲಿ, ಚಿಕ್ಕ ಸಂಖ್ಯೆಯ ದ್ವಾರದಿಂದ ಮಾತು ಬಂದಿತೆಂದರೆ ಅದು ನಿರ್ವಾಹಕನ ಒಪ್ಪಿಗೆಯನ್ನು ಪಡೆದ ಮಾತೆಂಬ ಮುದ್ರೆಯುಂಗುರದಂಥ ಪ್ರಮಾಣವಾಗಿದ್ದಿತು. ದೂರದ ಯಂತ್ರಕ್ಕೆ ಪಾಸ್‌ವರ್ಡಿಲ್ಲದೆ ಪ್ರವೇಶ ಕೊಡುತ್ತಿದ್ದ ಆರ್‌ಲಾಗಿನ್, ಆರ್‌ಎಸ್‌ಎಚ್ ಎಂಬ ಪ್ರೋಗ್ರಾಮುಗಳು ಈ ಪ್ರಮಾಣವನ್ನು ನಂಬಿಯೇ ನಡೆಯುತ್ತಿದ್ದವು. ಇಂದು ಪ್ರತಿಯೊಬ್ಬನ ಮಡಿಲಿನಲ್ಲಿಯೂ ಒಂದು ಯಂತ್ರವಿದ್ದು, ಪ್ರತಿಯೊಬ್ಬನೂ ತನ್ನ ಯಂತ್ರಕ್ಕೆ ತಾನೇ ರೂಟ್ ಆಗಿರುವಾಗ, ದೂರದವನಿಗೆ ಆ ಉಂಗುರದಿಂದ ಏನೂ ಸಿದ್ಧಪಡುವುದಿಲ್ಲ. ನಂಬಿಕೆ ಹೋಯಿತು, ನಿಯಮ ಉಳಿಯಿತು. ಜಾಲತಾಣಗಳು ಸಾಮಾನ್ಯ ಸಂಪರ್ಕಕ್ಕೆ 80ನ್ನೂ ಗುಪ್ತಲಿಪಿಯ ಸಂಪರ್ಕಕ್ಕೆ 443ನ್ನೂ ಬಳಸುವುದರಿಂದ, ಇವೆರಡೂ 1024ರ ಗಡಿಯ ಒಳಗೇ ಇರುವುದರಿಂದ, ಆರಂಭದಲ್ಲಿ ಹೇಳಿದ ತರುಣನಿಗೆ ಅನುಮತಿಯು ನಿರಾಕೃತವಾಯಿತು.

ಇದಲ್ಲದೆ ಬೇರೆ ಕಾರಣಗಳೂ ಕೆಲವುಂಟು. ಗುಪ್ತಲಿಪಿಗೆ ಬೇಕಾದ ಖಾಸಗಿ ಕೀಲಿಯ ಕಡತವನ್ನು ರೂಟ್ ಹೊರತು ಅನ್ಯರು ಓದದಂತೆ ಇಟ್ಟಿರುವುದುಂಟು. ಲಾಗ್ ಕಡತಗಳನ್ನು ತೆರೆಯಬೇಕಾಗುತ್ತದೆ. ಒಂದೇ ಕಾಲದಲ್ಲಿ ತೆರೆದಿಡಬಹುದಾದ ಸಂಪರ್ಕಗಳ ಮಿತಿಯನ್ನು ಏರಿಸಬೇಕಾಗುತ್ತದೆ. ಆದರೆ ಓದುಗರು ಗಮನಿಸಬೇಕಾದುದೇನೆಂದರೆ, ಇವುಗಳಲ್ಲಿ ಹೆಚ್ಚಿನವು ಪ್ರೋಗ್ರಾಮಿನ ಜೀವಿತದ ಮೊದಲ ಕೆಲವು ಕ್ಷಣಗಳಲ್ಲಿಯೇ ಮುಗಿದುಹೋಗುವ ಕೆಲಸಗಳು. ದ್ವಾರವನ್ನು ಒಮ್ಮೆ ತೆರೆದ ಮೇಲೆ ಅದು ತೆರೆದೇ ಇರುತ್ತದೆ. ಅನಂತರ ಬರುವ ಕೋಟಿ ಕೋರಿಕೆಗಳಿಗೆ ಉತ್ತರ ಕೊಡುವುದಕ್ಕೆ ಸಾಮಾನ್ಯ ಬಳಕೆದಾರನ ಹಕ್ಕೇ ಸಾಕು. ಸ್ಕ್ವಿಡ್‌ನಂತೆ 3128ನೆಯ ದ್ವಾರದಲ್ಲಿ ಕುಳಿತುಕೊಳ್ಳುವ ಪ್ರಾಕ್ಸಿಗಾದರೋ ದ್ವಾರದ ಸಲುವಾಗಿ ರೂಟ್‌ನ ಸಹಾಯವು ಮೊದಲ ಕ್ಷಣದಲ್ಲಿಯೂ ಬೇಕಿಲ್ಲ.

ಅಪಾಯದ ಸ್ವರೂಪವನ್ನು ಈಗ ನೋಡೋಣ. ಎಂಥ ನಿಪುಣನು ಬರೆದ ಪ್ರೋಗ್ರಾಮಿನಲ್ಲಿಯೂ ತಪ್ಪುಗಳಿರುತ್ತವೆ. ಬಂದ ಸಂದೇಶದ ಉದ್ದವನ್ನು ಲೆಕ್ಕಹಾಕುವಲ್ಲಿ ಒಂದು ತಪ್ಪಾದರೆ, ಸ್ಮೃತಿಯಲ್ಲಿ ಅದಕ್ಕೆಂದು ತೆಗೆದಿಟ್ಟ ಸ್ಥಳವನ್ನು ಮೀರಿ ಅಕ್ಷರಗಳು ಹರಿದು, ಪ್ರೋಗ್ರಾಮು ಮುಂದೆ ಏನು ಮಾಡಬೇಕೆಂಬ ಸೂಚನೆಯ ಮೇಲೆಯೇ ಬಿದ್ದುಬಿಡಬಹುದು. ಇದನ್ನು ಬಲ್ಲ ಆಕ್ರಮಣಕಾರನು ತನ್ನ ಸಂದೇಶದ ಒಳಗೆ ತನ್ನ ಆಜ್ಞೆಗಳನ್ನೇ ಹುದುಗಿಸಿ ಕಳುಹಿಸುತ್ತಾನೆ. ಪ್ರಾಕ್ಸಿಯು ತಾನರಿಯದೆ ಅವನ್ನು ನೆರವೇರಿಸತೊಡಗುತ್ತದೆ. 2013ರಲ್ಲಿ ಎಂಜಿನ್-ಎಕ್ಸ್‌ನ 1.3.9ರಿಂದ 1.4.0ರ ವರೆಗಿನ ಆವೃತ್ತಿಗಳಲ್ಲಿ ಇಂಥ ದೋಷವೊಂದು ಬೆಳಕಿಗೆ ಬಂದಿತು: ಸಂದೇಶವನ್ನು ತುಂಡುತುಂಡಾಗಿ ಕಳುಹಿಸುವ ವಿಧಾನದಲ್ಲಿ ತುಂಡಿನ ಅಳತೆಯನ್ನು ಓದುವಾಗ ಆಗುತ್ತಿದ್ದ ತಪ್ಪು ಅದು. 2020ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಫೆಲಿಕ್ಸ್ ವಿಲ್ಹೆಲ್ಮ್, ಎಚ್‌ಎ-ಪ್ರಾಕ್ಸಿಯು ಸಂದೇಶಗಳ ಶಿರೋಭಾಗವನ್ನು ಅಡಕಗೊಳಿಸುವ ಪದ್ಧತಿಯನ್ನು ನಿರ್ವಹಿಸುವಲ್ಲಿ, ಸ್ಮೃತಿಯ ಎಲ್ಲೆಯನ್ನು ಮೀರಿ ಬರೆಯಲು ಎಡೆಮಾಡುವ ಮತ್ತೊಂದು ದೋಷವನ್ನು ಕಂಡುಹಿಡಿದರು. ಎರಡೂ ಬಲುಬೇಗ ತಿದ್ದಲ್ಪಟ್ಟವು. ಇವು ಅಜಾಗರೂಕರು ಬರೆದ ಪ್ರೋಗ್ರಾಮುಗಳಲ್ಲ. ಲೋಕದಲ್ಲಿ ಅತ್ಯಂತ ಎಚ್ಚರಿಕೆಯಿಂದ ಪರಿಶೀಲಿಸಲ್ಪಟ್ಟವುಗಳ ಪಂಕ್ತಿಯಲ್ಲಿ ನಿಲ್ಲುವಂಥವು. ಆದುದರಿಂದ ದೋಷವು ಎಂದಾದರೊಂದು ದಿನ ಇದ್ದೇ ಇರುತ್ತದೆಂದು ಗ್ರಹಿಸಿ ನಡೆಯುವುದೇ ಬುದ್ಧಿವಂತಿಕೆ.

ಇಂಥ ದೋಷದ ಮೂಲಕ ಒಳಹೊಕ್ಕವನು ಪ್ರಾಕ್ಸಿಯ ಹಕ್ಕುಗಳನ್ನೇ ತನ್ನವಾಗಿ ಪಡೆಯುತ್ತಾನೆ. ಅದಕ್ಕಿಂತ ಹೆಚ್ಚಿನದು ಆ ಕ್ಷಣದಲ್ಲಿ ಅವನಿಗೆ ದೊರೆಯದು, ಕಡಮೆಯೂ ದೊರೆಯದು. ಪ್ರಾಕ್ಸಿಯು ಅನಾಮಿಕನಾದ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿದ್ದರೆ, ಕಳ್ಳನು ಜಗುಲಿಯ ಮೇಲೆ ಬಂದು ನಿಂತಂತಾಯಿತು: ಒಳಗಿನ ಒಂದೊಂದು ಬಾಗಿಲಿಗೂ ಬೇರೆ ಬೀಗವಿದೆ, ಅವನು ಅದನ್ನು ಮುರಿಯುವಷ್ಟರಲ್ಲಿ ಸದ್ದಾಗುತ್ತದೆ, ಮನೆಯವರಿಗೆ ಎಚ್ಚರವಾಗುವ ಸಂಭವವುಂಟು. ರೂಟ್‌ನ ಹೆಸರಿನಲ್ಲಿ ನಡೆಯುತ್ತಿದ್ದರೆ, ಜಗುಲಿಯನ್ನು ಮೆಟ್ಟಿದೊಡನೆಯೇ ನಡುಮನೆ, ಉಗ್ರಾಣ, ದೇವರ ಮನೆಗಳೆಲ್ಲದರ ಬೀಗದ ಕೈಗೊಂಚಲು ಅವನ ಕೈಗೆ ಬಿದ್ದಂತಾಯಿತು. ಆತ ಪಾಸ್‌ವರ್ಡುಗಳ ಕಡತವನ್ನು ಕೊಂಡೊಯ್ಯಬಹುದು; ತಾನು ಬಂದ ಹೆಜ್ಜೆಗುರುತನ್ನು ಲಾಗ್‌ನಿಂದ ಅಳಿಸಬಹುದು; ಮುಂದೆ ಬರುವುದಕ್ಕೆ ಗುಪ್ತದ್ವಾರವನ್ನು ಕೊರೆದಿಡಬಹುದು. ಆ ಮೇಲೆ ಆ ಯಂತ್ರವು ಹೇಳುವ ಯಾವ ಮಾತನ್ನೂ ನಂಬುವಂತಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಸ್ಥಾಪಿಸುವುದೊಂದೇ ದಾರಿ.

ಈ ವಿವೇಕಕ್ಕೆ ಶಾಸ್ತ್ರೀಯವಾದ ರೂಪವನ್ನು ಕೊಟ್ಟವರು ಅಮೆರಿಕದ ಜೆರೋಮ್ ಸಾಲ್ಟ್ಝರ್ ಮತ್ತು ಮೈಕೆಲ್ ಶ್ರೋಡರ್. ಗಣಕಗಳಲ್ಲಿರುವ ಮಾಹಿತಿಯ ಸಂರಕ್ಷಣೆಯನ್ನು ಕುರಿತು 1975ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ, ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಬ್ಬ ಬಳಕೆದಾರನೂ ತನ್ನ ಕೆಲಸವನ್ನು ಮುಗಿಸುವುದಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವನ್ನು ಹೊಂದಿರಬೇಕೆಂಬ ತತ್ತ್ವವನ್ನು ಇತರ ಕೆಲವು ತತ್ತ್ವಗಳೊಡನೆ ಪ್ರತಿಪಾದಿಸಿದರು. ಕನಿಷ್ಠಾಧಿಕಾರದ ತತ್ತ್ವವೆಂದು ಇದನ್ನು ಕರೆಯಬಹುದು. ಬೇಡದ ಅಧಿಕಾರವು ಯಾರಿಗೂ ಭೂಷಣವಲ್ಲ. ಅದು ಅಪರಾಧಿಗಾಗಿ ಕಾದಿರಿಸಿದ ಆಯುಧ. ಕೊಡಲಿಯ ಕಾವು ಕುಲಕ್ಕೆ ಮೂಲವೆಂದು ನಮ್ಮ ಹಿರಿಯರು ಹೇಳಿದುದು ಇಂಥ ಸಂದರ್ಭವನ್ನು ಕುರಿತೇ ಎನ್ನಿಸುತ್ತದೆ.

ತತ್ತ್ವವನ್ನು ಆಚರಣೆಗೆ ತರುವ ಹಳೆಯ ಮಾರ್ಗವೆಂದರೆ, ರೂಟ್ ಆಗಿ ಹುಟ್ಟಿ, ದ್ವಾರವನ್ನು ತೆರೆದು, ಒಡನೆಯೇ ಆ ಅಧಿಕಾರವನ್ನು ತ್ಯಜಿಸಿ ಸಾಮಾನ್ಯನಾಗಿ ಬಾಳುವುದು. ಕೇಳುವುದಕ್ಕೆ ಇದು ಸುಲಭ. ಮಾಡುವಲ್ಲಿ ಕ್ರಮ ತಪ್ಪಕೂಡದು. ಮೊದಲು ತಾನು ಸೇರಿರುವ, ತನಗೆ ಹಕ್ಕು ತಂದುಕೊಡುವ ಬಳಕೆದಾರರ ಉಪಗುಂಪುಗಳನ್ನು ಬಿಡಬೇಕು, ಅನಂತರ ಮುಖ್ಯ ಗುಂಪನ್ನು, ಕಟ್ಟಕಡೆಗೆ ಬಳಕೆದಾರನ ಸಂಖ್ಯೆಯನ್ನು. ಏಕೆಂದರೆ ಸೊನ್ನೆಯನ್ನು ಮೊದಲೇ ಬಿಟ್ಟವನಿಗೆ ಗುಂಪನ್ನು ಬದಲಿಸುವ ಹಕ್ಕೇ ಉಳಿಯುವುದಿಲ್ಲ. ತ್ಯಾಗವು ಪೂರ್ಣವೂ ಆಗಿರಬೇಕು. ಸೊನ್ನೆಯನ್ನು ತಾತ್ಕಾಲಿಕವಾಗಿ ಮರೆಮಾಡಿ, ಬೇಕಾದಾಗ ಮತ್ತೆ ಧರಿಸಿಕೊಳ್ಳುವ ಸೌಕರ್ಯವನ್ನು ಉಳಿಸಿಕೊಂಡ ಪ್ರೋಗ್ರಾಮಿನ ಒಳಹೊಕ್ಕ ಆಕ್ರಮಣಕಾರನು ತಾನೂ ಅದನ್ನು ಧರಿಸಿಕೊಳ್ಳಬಲ್ಲನು. ತ್ಯಜಿಸಿದೆನೆಂದು ಹೇಳಿದ ಮಾತ್ರಕ್ಕೆ ನಂಬದೆ ಪರೀಕ್ಷಿಸಿ ನೋಡುವುದೂ ಅಗತ್ಯ. 2000ದಲ್ಲಿ, ಲಿನಕ್ಸ್ ಕರ್ನಲ್‌ನ 2.2.15ರ ವರೆಗಿನ ಆವೃತ್ತಿಗಳಲ್ಲಿದ್ದ ಒಂದು ದೋಷದ ದೆಸೆಯಿಂದ, ಅಂಚೆಯನ್ನು ಸಾಗಿಸುವ ಸೆಂಡ್‌ಮೇಲ್ ಪ್ರೋಗ್ರಾಮು ತನ್ನ ಅಧಿಕಾರವನ್ನು ಬಿಡಲು ಯತ್ನಿಸಿ, ಆ ಯತ್ನವು ವಿಫಲವಾದುದನ್ನು ಅರಿಯದೆ, ರೂಟ್ ಆಗಿಯೇ ಮುಂದುವರಿಯುವಂತೆ ಮಾಡಲು ಸ್ಥಳೀಯ ಬಳಕೆದಾರನಿಗೆ ಸಾಧ್ಯವಾಗಿದ್ದಿತು.

ಪ್ರಸಿದ್ಧವಾದ ಪ್ರಾಕ್ಸಿಗಳು ಈ ಮಾರ್ಗವನ್ನು ತಮ್ಮ ತಮ್ಮ ರೀತಿಯಲ್ಲಿ ಅನುಸರಿಸಿವೆ. ಎಂಜಿನ್-ಎಕ್ಸ್‌ನಲ್ಲಿ ಯಜಮಾನನಂಥ ಒಂದು ಪ್ರೋಸೆಸ್ ರೂಟ್ ಆಗಿದ್ದು ಸೂಚನೆಗಳನ್ನು ಓದುತ್ತದೆ, ದ್ವಾರಗಳನ್ನು ತೆರೆಯುತ್ತದೆ. ಅಪರಿಚಿತರೊಡನೆ ಅದು ಒಂದು ಮಾತನ್ನೂ ಆಡದು. ಆ ಕಾರ್ಯವು ಅದು ಹುಟ್ಟಿಸಿದ, ಅಧಿಕಾರಹೀನರಾದ ಕೆಲಸಗಾರ ಪ್ರೋಸೆಸ್ಸುಗಳದು. ಎಚ್‌ಎ-ಪ್ರಾಕ್ಸಿಯು ಇದಕ್ಕಿಂತ ಮುಂದೆ ಹೋಗಿ, ಬಳಕೆದಾರನನ್ನು ಬದಲಿಸುವುದಲ್ಲದೆ, ಬರಿದಾದ ಒಂದು ಡೈರೆಕ್ಟರಿಯನ್ನೇ ತನ್ನ ಸಮಸ್ತ ಪ್ರಪಂಚವೆಂದು ಭಾವಿಸಿ ಅದರೊಳಗೆ ತನ್ನನ್ನು ತಾನೇ ಬಂಧಿಸಿಕೊಳ್ಳುವ ಸೌಕರ್ಯವನ್ನು ಇಟ್ಟುಕೊಂಡಿದೆ. ಒಳಗೆ ಬಂದ ಕಳ್ಳನಿಗೆ ಅಲ್ಲಿ ಓದುವುದಕ್ಕೆ ಒಂದು ಕಡತವೂ ಕಾಣಿಸದು. ಸ್ಕ್ವಿಡ್‌ನ ನಿಲುವು ಎಲ್ಲಕ್ಕಿಂತ ಖಂಡಿತವಾದುದು. ರೂಟ್ ಅದನ್ನು ಆರಂಭಿಸಿದರೆ ಅದು ಬೇರೊಬ್ಬ ಬಳಕೆದಾರನಾಗಿ ಬದಲಾಗುತ್ತದೆ. ಕೊನೆಯವರೆಗೂ ರೂಟ್ ಆಗಿಯೇ ಇರುವಂತೆ ಯಾರಾದರೂ ಸೂಚನೆ ಬರೆದಿದ್ದರೆ, ತನ್ನನ್ನು ಹಾಗೆ ನಡೆಸಬಾರದೆಂಬ ಎಚ್ಚರಿಕೆಯನ್ನು ಮುದ್ರಿಸಿ ಅಲ್ಲಿಯೇ ನಿಂತುಬಿಡುತ್ತದೆ. ತನಗೆ ಕೊಡಲು ಬಂದ ಅತಿರಿಕ್ತ ಅಧಿಕಾರವನ್ನು ತಾನೇ ನಿರಾಕರಿಸುವ ಈ ಗುಣವನ್ನು ಪ್ರೋಗ್ರಾಮಿಗೆ ಕಲಿಸಿದವರ ಧರ್ಮಬುದ್ಧಿಯು ಗೌರವಾರ್ಹವಾದುದು.

ಆದರೂ ಹಿಂದೆ ಉಳಿದ ಯಜಮಾನನು ರೂಟ್ ಆಗಿಯೇ ಇದ್ದಾನೆಂಬುದನ್ನು ಮರೆಯುವಂತಿಲ್ಲ. ಕೆಲಸಗಾರನು ಮುಟ್ಟಬಲ್ಲ ವಸ್ತುವೊಂದನ್ನು ಯಜಮಾನನು ಕಣ್ಣುಮುಚ್ಚಿ ನಂಬಿದರೆ ಅಲ್ಲಿಯೇ ಬಿರುಕು ಬಿಡುತ್ತದೆ. 2016ರಲ್ಲಿ ದಾವಿದ್ ಗೊಲುನ್ಸ್ಕಿ ತೋರಿಸಿಕೊಟ್ಟ ದೋಷವು ಎಂಜಿನ್-ಎಕ್ಸ್‌ನ ಬರವಣಿಗೆಯಲ್ಲಿ ಇದ್ದುದಲ್ಲ. ಡೆಬಿಯನ್ ಮತ್ತು ಅದರಿಂದ ಬೆಳೆದ ಉಬುಂಟು ವಿತರಣೆಗಳು ಅದನ್ನು ಸ್ಥಾಪಿಸುವ ಕ್ರಮದಲ್ಲಿ ಇದ್ದುದು. ಲಾಗ್ ಕಡತಗಳಿರುವ ಡೈರೆಕ್ಟರಿಯ ಒಡೆತನವು ಕೆಲಸಗಾರನಾದ ಬಳಕೆದಾರನಿಗೆ ಸೇರಿದ್ದಿತು. ಆದಕಾರಣ ಅವನ ಹೆಸರಿನಲ್ಲಿ ಒಳಹೊಕ್ಕವನು ಲಾಗ್ ಕಡತವನ್ನು ತೆಗೆದು, ಅದರ ಸ್ಥಳದಲ್ಲಿ ಯಂತ್ರದ ಮತ್ತೊಂದು ಮುಖ್ಯ ಕಡತಕ್ಕೆ ದಾರಿತೋರುವ ಕೊಂಡಿಯೊಂದನ್ನು ಇಟ್ಟು, ಯಜಮಾನನು ಲಾಗನ್ನು ಮತ್ತೆ ತೆರೆಯುವ ವೇಳೆಗೆ ಕಾದಿದ್ದು, ರೂಟ್ ಪದವಿಗೆ ಏರಬಹುದಾಗಿದ್ದಿತು. 2019ರಲ್ಲಿ ಷಾರ್ಲ್ ಫೋಲ್ ಪ್ರಕಟಿಸಿದ ಅಪಾಚೆ ಸರ್ವರಿನ ದೋಷವೂ ಇದರ ಸಹೋದರನೇ. ಪ್ರಾಕ್ಸಿಯಾಗಿಯೂ ಕೆಲಸ ಮಾಡಬಲ್ಲ ಆ ಸರ್ವರಿನ 2.4.17ರಿಂದ 2.4.38ರ ವರೆಗಿನ ಆವೃತ್ತಿಗಳಲ್ಲಿ, ಯಜಮಾನನೂ ಕೆಲಸಗಾರರೂ ಹಂಚಿಕೊಂಡಿದ್ದ ಸ್ಮೃತಿಭಾಗವೊಂದನ್ನು ಕೆಲಸಗಾರನು ಕೆಡಿಸಿಡಬಹುದಾಗಿದ್ದಿತು. ಲಾಗನ್ನು ಬದಲಿಸುವ ಸಲುವಾಗಿ ಸರ್ವರು ಮೆಲ್ಲನೆ ಪುನರಾರಂಭಗೊಳ್ಳುವಾಗ ಯಜಮಾನನು ಅದನ್ನು ನಂಬಿ ಓದಿ, ಆಕ್ರಮಣಕಾರನ ಆಜ್ಞೆಯನ್ನು ರೂಟ್ ಅಧಿಕಾರದಿಂದ ನೆರವೇರಿಸುತ್ತಿದ್ದನು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ, ಶುಚಿತ್ವಕ್ಕಾಗಿ ನಿತ್ಯವೂ ನಡೆಯುತ್ತಿದ್ದ ಕ್ರಿಯೆಯೇ ವಿನಾಶಕ್ಕೆ ದ್ವಾರವಾಯಿತು.

ಈ ಉದಾಹರಣೆಗಳಿಂದ ಸಹಜವಾಗಿ ಹುಟ್ಟುವ ಪ್ರಶ್ನೆಯೆಂದರೆ, ರೂಟ್ ಎಂಬುದನ್ನು ಆರಂಭದಲ್ಲಿಯೂ ಬಳಸದೆ ಇರುವುದು ಸಾಧ್ಯವಿಲ್ಲವೆ ಎಂಬುದು. ಸಾಧ್ಯವುಂಟು, ಅದೂ ಬಹುಕಾಲದಿಂದ. 1999ರಲ್ಲಿ ಹೊರಬಂದ 2.2ನೆಯ ಕರ್ನಲ್, ರೂಟ್‌ನ ಅಖಂಡ ಅಧಿಕಾರವನ್ನು ಕೇಪಬಿಲಿಟಿ ಎಂಬ ಬಿಡಿ ಬಿಡಿ ತುಂಡುಗಳಾಗಿ ಒಡೆಯಿತು. ಇಂದು ಅಂಥವು ಸುಮಾರು 40 ಇವೆ. ಅವುಗಳಲ್ಲಿ ಒಂದು, 1024ಕ್ಕಿಂತ ಕೆಳಗಿನ ದ್ವಾರವನ್ನು ತೆರೆಯುವ ಹಕ್ಕು ಮಾತ್ರ. ಗೊಂಚಲಿನಿಂದ ಆ ಒಂದೇ ಬೀಗದ ಕೈಯನ್ನು ಬಿಡಿಸಿ ಪ್ರಾಕ್ಸಿಯ ಕೈಗೆ ಕೊಟ್ಟರೆ ದ್ವಾರದ ಸಲುವಾಗಿ ಅದಕ್ಕೆ ಬೇಕಾದುದೆಲ್ಲ ಸಿಕ್ಕಿತು. 2008ರ ಆದಿಯಲ್ಲಿ ಬಂದ 2.6.24ರಿಂದ ಈ ಹಕ್ಕನ್ನು ಪ್ರೋಗ್ರಾಮಿನ ಕಡತಕ್ಕೇ ಅಂಟಿಸಿಡಬಹುದು. ಹಾಗೆ ಮಾಡುವಾಗ ಎರಡು ಎಚ್ಚರಿಕೆಗಳು ಬೇಕು: ಹೊಸ ಆವೃತ್ತಿಯು ಬಂದು ಹಳೆಯ ಕಡತವನ್ನು ತೆಗೆದಾಗ ಅಂಟಿಸಿದ ಹಕ್ಕೂ ಅದರೊಡನೆ ಹೋಗುತ್ತದೆ, ಪೈಥಾನ್‌ನಂಥ ಭಾಷೆಯಲ್ಲಿ ಬರೆದ ಪ್ರಾಕ್ಸಿಯಾದರೆ, ಹಕ್ಕನ್ನು ಪೈಥಾನ್‌ಗೆ ಅಂಟಿಸಿದ ಮೇಲೆ ಆ ಭಾಷೆಯಲ್ಲಿ ಯಾರು ಬರೆದ ಪ್ರೋಗ್ರಾಮಿಗೂ ಅದು ದೊರೆತುಬಿಡುತ್ತದೆ.

ಇಂದಿನ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಪ್ರೋಗ್ರಾಮುಗಳನ್ನು ಎಬ್ಬಿಸುವ ಮತ್ತು ಮಲಗಿಸುವ ಭಾರವನ್ನು ಸಿಸ್ಟಮ್‌ಡಿ ಎಂಬುದು ಹೊತ್ತಿದೆ. ಈ ಸೇವೆಯು ಇಂಥ ಬಳಕೆದಾರನ ಹೆಸರಿನಲ್ಲಿ ನಡೆಯಲಿ, ಇದಕ್ಕೆ ದ್ವಾರ ತೆರೆಯುವ ಹಕ್ಕೊಂದನ್ನು ಕೊಡಲಿ, ಮುಂದೆ ಹೊಸ ಹಕ್ಕು ಯಾವುದನ್ನೂ ಇದು ಗಳಿಸದಿರಲಿ ಎಂದು ಅದರ ಕಡತದಲ್ಲಿ ನಾಲ್ಕು ಸಾಲು ಬರೆದರೆ ಸಾಕು. ರೂಟ್‌ನ ನೆರಳೂ ಪ್ರಾಕ್ಸಿಯ ಮೇಲೆ ಬೀಳದು. ಸಿಸ್ಟಮ್‌ಡಿಯೇ ದ್ವಾರವನ್ನು ತೆರೆದು, ತೆರೆದ ದ್ವಾರವನ್ನು ಪ್ರಾಕ್ಸಿಗೆ ಒಪ್ಪಿಸುವ ಏರ್ಪಾಡೂ ಉಂಟು. ಇದಾವುದೂ ಬೇಡವೆಂದರೆ, ಪ್ರಾಕ್ಸಿಯನ್ನು 8080ರಲ್ಲಿ ಕೂರಿಸಿ, 80ಕ್ಕೆ ಬಂದುದನ್ನು ಅಲ್ಲಿಗೆ ತಿರುಗಿಸುವಂತೆ ಫೈರ್‌ವಾಲ್‌ಗೆ ಹೇಳಬಹುದು. 2017ರ 4.11ನೆಯ ಕರ್ನಲ್‌ನಿಂದ ಈಚೆಗೆ 1024 ಎಂಬ ಗಡಿಯನ್ನೇ ಕೆಳಕ್ಕೆ ಸರಿಸುವುದೂ ಸಾಧ್ಯ. ಆದರೆ ಅನೇಕರು ಹಂಚಿಕೊಂಡ ಯಂತ್ರದಲ್ಲಿ ಇದು ಒಳ್ಳೆಯದಲ್ಲ, ಏಕೆಂದರೆ ನಿಮ್ಮ ಪ್ರಾಕ್ಸಿಯು ನಿಂತ ಒಂದು ಕ್ಷಣದಲ್ಲಿ ಮತ್ತಾವ ಬಳಕೆದಾರನಾದರೂ ಆ ದ್ವಾರದಲ್ಲಿ ಬಂದು ಕುಳಿತು ನಿಮ್ಮ ಹೆಸರಿನಲ್ಲಿ ಉತ್ತರ ಕೊಡತೊಡಗಬಹುದು.

ಪ್ರೋಗ್ರಾಮನ್ನು ಪೆಟ್ಟಿಗೆಯಂಥ ಪ್ರತ್ಯೇಕ ಆವರಣದಲ್ಲಿ ನಡೆಸುವ ಕಂಟೇನರ್ ಎಂಬ ಹೊಸ ಪದ್ಧತಿಯನ್ನು ಬಳಸುವವರು, ನಾವು ಪೆಟ್ಟಿಗೆಯ ಒಳಗಿದ್ದೇವೆ, ಇಲ್ಲಿ ರೂಟ್ ಆಗಿದ್ದರೇನು ದೋಷ, ಎಂದು ಕೇಳುವುದುಂಟು. ಬಳಕೆದಾರರ ಸಂಖ್ಯೆಗಳನ್ನು ಪ್ರತ್ಯೇಕಿಸುವ ವಿಶೇಷ ಏರ್ಪಾಡನ್ನು ಮಾಡದಿದ್ದಲ್ಲಿ ಪೆಟ್ಟಿಗೆಯ ಒಳಗಿನ ಸೊನ್ನೆಯೂ ಹೊರಗಿನ ಸೊನ್ನೆಯೂ ಕರ್ನಲ್‌ನ ದೃಷ್ಟಿಯಲ್ಲಿ ಒಂದೇ. 2019ರ ಫೆಬ್ರವರಿಯಲ್ಲಿ ಪ್ರಕಟವಾದ, ಕಂಟೇನರುಗಳನ್ನು ನಡೆಸುವ ರನ್-ಸಿ ಎಂಬ ಪ್ರೋಗ್ರಾಮಿನ ದೋಷವು, ಕಂಟೇನರಿನ ಒಳಗೆ ರೂಟ್ ಆಗಿದ್ದ ಪ್ರೋಸೆಸ್ ಒಂದು, ಹೊರಗಿನ ಆ ಪ್ರೋಗ್ರಾಮನ್ನೇ ತಿದ್ದಿ ಇಡೀ ಯಂತ್ರವನ್ನು ವಶಮಾಡಿಕೊಳ್ಳಬಹುದೆಂಬುದನ್ನು ತೋರಿಸಿತು. ಪೆಟ್ಟಿಗೆಗೆ ಗೋಡೆಯಿದ್ದ ಮಾತ್ರಕ್ಕೆ ಒಳಗಿರುವವನಿಗೆ ಹಾರೆ ಗುದ್ದಲಿಗಳನ್ನು ಕೊಡಬೇಕಾದುದಿಲ್ಲ.

ಕನಿಷ್ಠಾಧಿಕಾರವೇ ಸರ್ವರೋಗನಿವಾರಕವೆಂದು ಇದರಿಂದ ತಿಳಿಯಕೂಡದು. 2014ರ ಏಪ್ರಿಲಿನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ಎಂಬ ದೋಷವು ಗುಪ್ತಲಿಪಿಯ ಕೆಲಸವನ್ನು ನಡೆಸಿಕೊಡುವ ಓಪನ್-ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮು-ಗ್ರಂಥಾಲಯದ್ದು. ಸರ್ವರಿನ ಸ್ಮೃತಿಯಲ್ಲಿರುವುದನ್ನು ಒಂದೊಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ಹೊರಕ್ಕೆ ಸೋರಿಸುತ್ತಿದ್ದ ಅದರೆದುರು ಪ್ರಾಕ್ಸಿಯು ಯಾರ ಹೆಸರಿನಲ್ಲಿ ಓಡುತ್ತಿತ್ತೆಂಬುದು ಗಣನೆಗೆ ಬರಲಿಲ್ಲ, ಏಕೆಂದರೆ ಖಾಸಗಿ ಕೀಲಿಯು ಕೆಲಸಗಾರನ ಸ್ಮೃತಿಯಲ್ಲಿಯೇ ಇದ್ದಿತು. 2016ರಲ್ಲಿ ಪ್ರಕಟವಾದ ಡರ್ಟಿ ಕೌ ಎಂಬ ದೋಷವು 2007ರಿಂದಲೂ ಕರ್ನಲ್‌ನಲ್ಲಿ ಅಡಗಿದ್ದು, ಸಾಮಾನ್ಯ ಬಳಕೆದಾರನು ರೂಟ್ ಆಗುವುದಕ್ಕೆ ದಾರಿಮಾಡಿಕೊಡುತ್ತಿದ್ದಿತು. ಚಿತ್ರದುರ್ಗಕ್ಕೆ ಏಳು ಸುತ್ತಿನ ಕೋಟೆಯನ್ನು ಕಟ್ಟಿದವರು ಒಂದು ಸುತ್ತೇ ಸಾಕೆಂದು ಭಾವಿಸಿರಲಿಲ್ಲ. ಹಾಗೆಂದು ಆ ಒಂದು ಸುತ್ತನ್ನು ಕಟ್ಟದೆ ಬಿಡಲೂ ಇಲ್ಲ. ಕಾಲಕಾಲಕ್ಕೆ ತಿದ್ದುಪಡಿಗಳನ್ನು ಹಾಕುವುದು, ಎಸ್‌ಇ-ಲಿನಕ್ಸ್ ಅಥವಾ ಆಪ್‌ಆರ್ಮರ್‌ನಂಥ ಕಾವಲನ್ನು ಇಡುವುದು, ಕೀಲಿಗಳನ್ನು ಆಗಾಗ ಬದಲಿಸುವುದು, ಇವೆಲ್ಲ ಒಂದೊಂದು ಸುತ್ತು. ಅಧಿಕಾರವನ್ನು ಕಡಮೆ ಮಾಡುವುದು ಅವುಗಳಲ್ಲಿ ಅತ್ಯಂತ ಅಗ್ಗವಾದುದು, ಮತ್ತು ಮುಂದೆ ಕಾಣಿಸಿಕೊಳ್ಳಲಿರುವ ದೋಷಗಳ ವಿರುದ್ಧವೂ ಇಂದೇ ರಕ್ಷಣೆಯನ್ನು ಕೊಡತಕ್ಕುದು.

ಯಂತ್ರಗಳ ಹೊಣೆಯನ್ನು ಹೊತ್ತವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಡೆಯುತ್ತಿರುವ ಪ್ರೋಸೆಸ್ಸುಗಳ ಪಟ್ಟಿಯನ್ನು ತೆರೆದು, ಪ್ರಾಕ್ಸಿಯ ಹೆಸರಿನ ಪಕ್ಕದಲ್ಲಿ ಯಾರ ಹೆಸರಿದೆಯೆಂದು ನೋಡಿರಿ. ಜನರೊಡನೆ ಮಾತನಾಡುವ ಕೆಲಸಗಾರನ ಪಕ್ಕದಲ್ಲಿ ರೂಟ್ ಎಂದಿದ್ದರೆ ಅದನ್ನು ಇಂದೇ ಬದಲಿಸಿರಿ. ಪ್ರಾಕ್ಸಿಗೆ ಅದರದೇ ಆದ ಬಳಕೆದಾರನನ್ನು ಸೃಷ್ಟಿಸಿರಿ. ‘ನೋಬಡಿ’ ಎಂಬ ಒಂದೇ ಹೆಸರನ್ನು ಹತ್ತು ಸೇವೆಗಳಿಗೆ ಹಂಚಿದರೆ, ಒಂದು ಕೆಟ್ಟಾಗ ಉಳಿದ ಒಂಬತ್ತಕ್ಕೂ ಅದು ಕೈಹಾಕಬಲ್ಲದು. ಆ ಬಳಕೆದಾರನು ಲಾಗಿನ್ ಆಗುವಂತಿರಬಾರದು. ಸೂಚನೆಗಳ ಕಡತವನ್ನೂ ಲಾಗ್ ಡೈರೆಕ್ಟರಿಯನ್ನೂ ಅವನು ತಿದ್ದುವಂತಿರಬಾರದು. ಅನುಮತಿಯಿಲ್ಲವೆಂಬ ಮಾತು ಪರದೆಯ ಮೇಲೆ ಬಂದಾಗ, ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಡುವ 777 ಎಂಬ ಅಂಕವನ್ನು ಒತ್ತಿ ಅದನ್ನು ಸುಮ್ಮನಾಗಿಸಬೇಡಿರಿ. ಯಾವ ಒಂದು ಹಕ್ಕು ಕೊರತೆಯಾಗಿದೆಯೆಂದು ವಿಚಾರಿಸಿ, ಆ ಒಂದನ್ನು ಮಾತ್ರ ಕೊಡಿರಿ. ಈ ವಿಚಾರಣೆಗೆ ಒಂದು ಮಧ್ಯಾಹ್ನದ ಹೊತ್ತು ಬೇಕಾದೀತು. ನಿಮ್ಮನ್ನು ಕಾಣದೆ, ನಿಮ್ಮ ಹೆಸರನ್ನೂ ಅರಿಯದೆ, ನಿಮ್ಮ ಬಾಗಿಲಿನ ಮೂಲಕ ತಮ್ಮ ಗುಟ್ಟುಗಳನ್ನು ಕಳುಹಿಸುತ್ತಿರುವ ಸಾವಿರಾರು ಜನರಿಗೆ ಆ ಒಂದು ಮಧ್ಯಾಹ್ನವನ್ನು ನೀವು ಸಲ್ಲಿಸಲೇಬೇಕಾಗಿದೆ.